ಟೆಂಡರ್ ಕಾಲದ ಮೌನ

ಕಾಫಿ ಅಂಗಡಿಯ ಬಾಗಿಲಲ್ಲೇ ಇಬ್ಬರೂ ಎದುರಾದರು.

"ಹ್ಯಾಮಿಶ್!"

ಅವನ ತುಟಿ ಅಲುಗಿತು. ಮರುಕ್ಷಣ, ಅಲ್ಲಿ ಯಾರೂ ಇಲ್ಲವೇ ಇಲ್ಲ ಎಂಬಂತೆ ಮಾರ್ನಿಯನ್ನು ದಾಟಿ, ಕ್ಯಾನ್‌ಬೆರಾದ ಬೆಳಗಿನ ಮಂಜಿನೊಳಗೆ ಕರಗಿಹೋದ.

ನಾನೇನು ದೆವ್ವವೇ?... ಕಣ್ಣಿಗೇ ಬೀಳುವುದಿಲ್ಲವೇ?

ಹೋದ ವಾರವಷ್ಟೇ ಸರೋವರದ ದಂಡೆಯಲ್ಲಿ ಅವಳ ಕೈ ಹಿಡಿದು ನಡೆದವನು ಇವನೇ!

ಫೆಡರಲ್ ಸರ್ಕಾರದ ಇಲಾಖೆಗಳಿಗೆ ಕಂಪ್ಯೂಟರ್ ವ್ಯವಸ್ಥೆ ಕಟ್ಟಿಕೊಡುವ ಸಲಹಾ ಕಂಪನಿಯಲ್ಲಿ ಅವಳಿಗೆ ಕೆಲಸ. ಅವನು ಪಿಂಚಣಿ ಇಲಾಖೆಯ ಅಧಿಕಾರಿ. ಇಬ್ಬರೂ ಕೂಡಿ ದುಡಿದ ಹಳೆಯ ಕಾಂಟ್ರಾಕ್ಟ್ ಮುಗಿದ ಮೇಲೆ ಪ್ರೀತಿ ಚಿಗುರಿತ್ತು.

ಮೌನವೆಂದರೆ ಮಾರ್ನಿಗೆ ಭಯ. ತೀರಿಹೋಗುವ ಮುನ್ನ ಗಂಡ ಡೆಕ್ಲನ್ ಹೀಗೇ ಮಾತು ನಿಲ್ಲಿಸಿದ್ದ. ಅವನ ಕಾಯಿಲೆಯ ವಿಷಯ ತಿಳಿದದ್ದು ಆಸ್ಪತ್ರೆಯವರ ಫೋನಿನಿಂದ... ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗಲೂ ಮನೆಯಲ್ಲಿ ಹೀಟರ್ ಟಕ್ಕೆಂದರೆ, ಅವನೇ ಬಂದನೇನೋ ಎಂದು ತಿರುಗಿ ನೋಡುತ್ತಾಳೆ.

"ನಾನು ದೂರದ ಪರ್ತ್ ಆಫೀಸಿಗೆ ವರ್ಗ ತಗೊಂಡು ಹೋಗ್ಬಿಡ್ತೀನಿ. ಈ ಊರು ಸಾಕು," ಎಂದಳು ಸಹೋದ್ಯೋಗಿ ಬ್ರಿಜೆಟ್‌ಗೆ.

"ಅಯ್ಯೋ ಪೆದ್ದಿ! ಪಿಂಚಣಿಯವರ ಹೊಸ ಟೆಂಡರ್‌ಗೆ ನಾವೂ ಹಾಕಿದೀವಲ್ಲ? ನಿನ್ನ ಹ್ಯಾಮಿಶ್ ಸಾಹೇಬ ಅದನ್ನ ಪರಿಶೀಲಿಸೋ ಸಮಿತೀಲಿದ್ರೆ, ಹಾಗಂತ ಬಾಯಿ ಬಿಡೋ ಹಾಗಿಲ್ಲ. ನಮ್ ಜೊತೆ ಮಾತಂತೂ ಕೇಳ್ಲೇಬೇಡ."

"ಡೆಕ್ಲನ್ ಸುಮ್ಮನಿದ್ದಾಗಲೂ ನಾನು ಹೀಗೇ ಕಾರಣ ಹುಡುಕ್ತಿದ್ದೆ ಬ್ರಿಜೆಟ್..."

ಶುಕ್ರವಾರ, ದೀಪ ಹತ್ತುವ ಹೊತ್ತು. ಪರ್ತ್‌ಗೆ ಹೊರಡಲೆಂದು ಆಫೀಸಿನ ಮೇಜು ಖಾಲಿ ಮಾಡಿ ಕೆಳಗಿಳಿದಳು. ಮರದ ಕೆಳಗೆ ಮಬ್ಬಿನಲ್ಲಿ ಯಾರೋ ನಿಂತಿದ್ದರು.

ಡೆಕ್ಲನ್?...

"ಮಾರ್ನಿ, ನಾನು."

"ಓಹೋ! ಇವತ್ತು ನಾನು ಕಣ್ಣಿಗೆ ಕಾಣಿಸಿದ್ನಾ?"

ಹ್ಯಾಮಿಶ್ ತಲೆ ತಗ್ಗಿಸಿದ. "ಸಮಿತಿ ಬಿಟ್ಟು ಬಂದೆ. ಟೆಂಡರ್ ವಿಷಯ ಮಾತ್ರ ಕೇಳ್ಬೇಡ. ಟೆಂಡರ್ ಹಾಕಿರೋ ಒಂದು ಕಂಪನೀಲಿ ನನಗೆ ಬೇಕಾದವಳಿದಾಳೆ ಅಂದೆ. ಸ್ನೇಹಾನಾ, ನೆಂಟಸ್ತಿಕೇನಾ ಅಂತ ಮೇಲಿನವರು ಕೇಳಿದ್ರು."

"ಏನಂದೆ?"

"ಪ್ರೀತಿ ಅಂದೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನನಗಿಂತ ಮೊದ್ಲು ಆಫೀಸಿಗೆ ಹೇಳಿದ್ಯಾ!"

"ನಿಯಮ ಹಾಗಿದೆ... ಆ ಹೊಸ ವ್ಯವಸ್ಥೆ ಕಟ್ಟಿಸೋದು ನನ್ನ ನಾಲ್ಕು ವರ್ಷದ ಕನಸು. ಕೈಬಿಟ್ಟು ಹೋಯ್ತು."

"ಅದಕ್ಕೆ ಬೇಜಾರಿಲ್ವಾ?"

"ಇದೆ. ಆದ್ರೆ ಆವತ್ತು ಬಾಗಿಲಲ್ಲಿ ನಿನ್ನ ಮುಖ ನೋಡಿದೆನಲ್ಲ... ಅದಾದ ಮೇಲೆ ನಿದ್ದೇನೇ ಬರಲಿಲ್ಲ."

ಅವಳು ಅವನ ಕೋಟನ್ನು ಬಿಗಿಯಾಗಿ ಹಿಡಿದುಕೊಂಡಳು. "ಬಯ್ಯಿ, ಜಗಳ ಆಡು... ಸುಮ್ಮನಿರಬೇಡ ಹ್ಯಾಮಿಶ್. ಸುಮ್ಮನಾದವರು ತಿರುಗಿ ಬರಲ್ಲ."

"ಏನು ಮಾತಾಡಲಿ?"

"ಏನಾದ್ರೂ!"

"ಕಾಲು ಮರಗಟ್ಟಿದೆ. ಮಧ್ಯಾಹ್ನ ತಿಂದ ಮಾಂಸದ ಪೈ ಒಳಗೆ ತಣ್ಣಗಿತ್ತು. ಪಕ್ಕದ ಮನೆ ನಾಯಿ ನನ್ನ ಬೂಟು ಕಚ್ಚಿಕೊಂಡು ಹೋಯ್ತು..."

"ಆಮೇಲೆ?" ಎಂದಳು ಮಾರ್ನಿ, ಕಣ್ಣು ಮುಚ್ಚಿ.