ಅರ್ಧ ಪಾಲಿನ ಮಡಕೆ

ಅರ್ಧ! ಆ ಒಂದು ಮಾತು ನೆನೆದರೆ ಸಾಕು, ಕ್ಲೆಮ್ ಗೂಡ್ರಮ್‌ನ ಹೊಟ್ಟೆ ಉರಿಯುತ್ತಿತ್ತು. ಮೆಟಲ್ ಡಿಟೆಕ್ಟರ್ ಬೀಸುತ್ತ, ಕೆಸರಿನಲ್ಲಿ ಮಂಡಿಯೂರಿ, ಬಿಯರ್ ಡಬ್ಬಿಯ ಚೂರು, ಟ್ರ್ಯಾಕ್ಟರಿನ ತುಕ್ಕು ಬೋಲ್ಟು ಎಂದು ವರ್ಷಗಟ್ಟಲೆ ಹೆಕ್ಕಿದವನು ಅವನು. ಹೊಲದ ಒಡತಿ ಹಿಲ್ಡಾ ಕ್ಯಾಚ್‌ಪೋಲ್ ಅಷ್ಟೂ ಕಾಲ ಅಡುಗೆಮನೆಯಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಆದರೂ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಮ್ಯೂಸಿಯಂ ಕೊಡುವ ಹಣದಲ್ಲಿ ಅರ್ಧ ಹುಡುಕಿದವನಿಗೆ, ಅರ್ಧ ನೆಲದ ಒಡೆಯರಿಗೆ. ದುಡಿದವನೊಬ್ಬ, ಉಂಡವಳು ಇನ್ನೊಬ್ಬಳು!

ನಿಧಿ ಸಿಕ್ಕಿಯೂ ಆಗಿತ್ತು. ಬೀಟ್ ಗೆಡ್ಡೆ ಕಿತ್ತ ಹೊಲದ ಮೂಲೆಯಲ್ಲಿ, ನೇಗಿಲು ತಾಗದ ಬೇಲಿಯಂಚಿನಲ್ಲಿ, ಮಣ್ಣಿನ ಮಡಕೆಯೊಂದರ ಬಾಯಿ. ಅದರೊಳಗೆ ರೋಮನ್ನರ ಕಾಲದ ಬೆಳ್ಳಿ ನಾಣ್ಯಗಳು. ಕ್ಲೆಮ್ ಮಡಕೆಯನ್ನು ಅಲುಗಿಸದೆ ಮಣ್ಣೆಳೆದು ಮುಚ್ಚಿ, ಏನೂ ಆಗದವನಂತೆ ಹಿಲ್ಡಾಳ ಬಾಗಿಲಿಗೆ ಹೋದ.

"ಏನಾದ್ರೂ ಸಿಕ್ತೇನಯ್ಯಾ?"

"ಎಲ್ಲಿ ಬಂತು ಮಿಸೆಸ್ ಕ್ಯಾಚ್‌ಪೋಲ್! ಎರಡು ಮೊಳೆ, ಒಂದು ಕುದುರೆ ಲಾಳ."

"ಅದ್ರಲ್ಲೂ ಅರ್ಧ ನಂದು, ಮರೀಬೇಡ!" ಎಂದು ಅವಳು ಗಹಗಹಿಸಿ ನಕ್ಕು, ಬಿಸ್ಕತ್ತಿಲ್ಲದ ಬರೀ ಚಹಾ ಕೊಟ್ಟಳು. ಆ ನಗು ಕೇಳಿದ್ದೇ, ಅವಳಿಗೆ ಬಿಡಿಗಾಸೂ ಕೊಡಬಾರದೆಂದು ಅವನು ನಿರ್ಧಾರ ಮಾಡಿದ.

ಕಾಳಸಂತೆಯಲ್ಲಿ ಮಾರಬಹುದಿತ್ತು. ಆದರೆ ಅದು ಅವನ ಘನತೆಗೆ ಕಡಿಮೆ. ಊರಿನ ನಾಣ್ಯಶೋಧಕರ ಸಂಘಕ್ಕೆ ಅವನೇ ಅಧ್ಯಕ್ಷ. ಪ್ರಾಮಾಣಿಕತೆಯ ಬಗ್ಗೆ ಅವನಷ್ಟು ಉದ್ದ ಭಾಷಣ ಮಾಡುವವರು ಇಡೀ ಸಫೋಕ್ ಸೀಮೆಯಲ್ಲೇ ಇರಲಿಲ್ಲ. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಮೇಲೆ ತನ್ನ ಹೆಸರೂ ಬೇಕು, ಹಣವೂ ಪೂರ್ತಿ ಬೇಕು. ಅದಕ್ಕೆ ದಾರಿ ಒಂದೇ: ನಿಧಿ ಅವನ ಸ್ವಂತ ನೆಲದಲ್ಲಿ ಸಿಗಬೇಕು. ಮನೆಯ ಹಿಂದೆ ಚಿಕ್ಕಮ್ಮ ಬಿಟ್ಟುಹೋದ ಸೇಬಿನ ತೋಟವಿತ್ತು. ಹಿಲ್ಡಾಳ ಹೊಲದಲ್ಲಿ ಓಡಾಡಿದ ರೋಮನ್ನರು ಇಲ್ಲಿಗೇನು ಬರಬಾರದೆ?

ರಾತ್ರಿ ದೀಪ ಹಿಡಿದು ಹೊಲಕ್ಕಿಳಿಯುವವರು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳು; ಊರಿಗೆಲ್ಲ ಕಾಣುತ್ತಾರೆ. ಕ್ಲೆಮ್ ಆರಿಸಿಕೊಂಡದ್ದು ಭಾನುವಾರದ ಮಧ್ಯಾಹ್ನವನ್ನು. ಆ ಹೊತ್ತಿಗೆ ಊರಿಗೆ ಊರೇ ಪಬ್ಬಿನಲ್ಲಿ ಹುರಿದ ದನದ ಮಾಂಸದ ಮುಂದೆ ಕೂತಿರುತ್ತದೆ. ಮಡಕೆಯನ್ನು ಸುತ್ತಲಿನ ಹೆಂಟೆಯ ಸಮೇತ ಎತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಕೆಟ್ಟಿನಲ್ಲಿಟ್ಟು ಮೇಲೆ ಕುದುರೆ ಲದ್ದಿ ಹರಡಿದ. ಇನ್ನೊಂದು ಬಕೆಟ್ಟಿನಲ್ಲಿ ಅಲ್ಲಿಯದೇ ಮಣ್ಣು ತುಂಬಿಕೊಂಡು, ಖಾಲಿ ಗುಂಡಿಯನ್ನು ಮುಚ್ಚಿದ. ಎರಡೂ ಜಾಗದ ಮಣ್ಣು ತಾಳೆಯಾಗದೆ ಸಿಕ್ಕಿಬೀಳುವ ದಡ್ಡ ಅವನಲ್ಲ.

ದಾರಿಯಲ್ಲಿ, ರಜೆಯ ದಿನ ಪಬ್ಬಿಗೆ ತಡವಾಗಿ ಹೊರಟಿದ್ದ ಪೋಸ್ಟ್‌ಮನ್ ಎದುರಾದ. "ಏನ್ ಕ್ಲೆಮ್, ಬಕೆಟ್ಟಲ್ಲಿ ನಿಧೀನಾ?"

"ಹೌದು ಮಾರಾಯ, ಗುಲಾಬಿ ಗಿಡಕ್ಕೆ. ನಿಂಗೂ ಒಂದು ಹಿಡಿ ಕೊಡ್ಲಾ?"

ಪೋಸ್ಟ್‌ಮನ್ ಮೂಗು ಮುಚ್ಚಿಕೊಂಡು ಸೈಕಲ್ ತುಳಿದ. ಕ್ಲೆಮ್‌ಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ತೋಟದಲ್ಲಿ ಹುಲ್ಲಿನ ಹೊದಿಕೆಯನ್ನು ಚಪ್ಪಡಿಯಂತೆ ಕೊಯ್ದು ಪಕ್ಕಕ್ಕಿಟ್ಟು, ಗುಂಡಿ ತೋಡಿ ಮಡಕೆ ಇಳಿಸಿ, ಹೊಲದ ಮಣ್ಣನ್ನೇ ಸುತ್ತ ತುಂಬಿ, ಹುಲ್ಲನ್ನು ಮತ್ತೆ ಹೊದಿಸಿದ. ಮುಂದಿನದನ್ನು ಮಳೆಗೂ ಹಿಮಕ್ಕೂ ಬಿಟ್ಟ. ಸೇಬು ಹೂ ಬಿಡುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಅವಸರಪಟ್ಟು ಕೆಟ್ಟವರ ಕತೆಗಳನ್ನು ಅವನು ಸಾಕಷ್ಟು ಕೇಳಿದ್ದ.

ವಸಂತದಲ್ಲಿ ಸಂಘದವರನ್ನೆಲ್ಲ ತೋಟಕ್ಕೆ ಚಹಾಕ್ಕೆ ಕರೆದ. ಎಲ್ಲರ ಕಣ್ಣೆದುರೇ ಅವನ ಯಂತ್ರ ಚೀರಿತು. ಮಡಕೆಯ ಬಾಯಿ ಕಾಣುವಷ್ಟೇ ಅಗೆದು ಕ್ಲೆಮ್ ಎದ್ದು ನಿಂತ. "ಇನ್ನು ನಾನು ಮುಟ್ಟಲ್ಲ ಕಣ್ರಪ್ಪಾ. ಇದು ತಿಳಿದವರ ಕೆಲಸ!" ಚಪ್ಪಾಳೆಯೋ ಚಪ್ಪಾಳೆ. ಒಬ್ಬಿಬ್ಬರು ಕಣ್ಣೊರೆಸಿಕೊಂಡರು ಕೂಡ.

ಮರುದಿನ ಮ್ಯೂಸಿಯಮ್ಮಿನ ರೊವೀನಾ ಲಾರ್ಟರ್ ಕರಣಿ, ಬ್ರಷ್ಷು ಹಿಡಿದು ಬಂದಳು. ಸಂಘದವರು ಯಂತ್ರಗಳ ಸಮೇತ ಸುತ್ತುವರಿದರು. ಹಿಲ್ಡಾ ಕೂಡ ಶುಂಠಿ ಕೇಕ್ ಮಾಡಿಕೊಂಡು ಬಂದಿದ್ದಳು. "ಕೊನೆಗೂ ನೀನು ಪಾಡುಪಟ್ಟಿದ್ದಕ್ಕೆ ದೇವ್ರು ಕಣ್ಬಿಟ್ಟ ನೋಡು," ಎಂದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಪಾಪ, ಅನಿಸಿತು ಕ್ಲೆಮ್‌ಗೆ. ಒಂದು ಗಳಿಗೆ, ಅಷ್ಟೇ. ಆಮೇಲೆ ಕೇಕ್ ತಿಂದ.

ರೊವೀನಾ ಬಹಳ ಹೊತ್ತು ಕೆರೆದು, ಎರಡೂ ಕೈಯಲ್ಲಿ ಮಡಕೆಯನ್ನು ಮೆಲ್ಲನೆ ಮೇಲೆತ್ತಿದಳು. ಗುಂಡಿಯ ತಳದಲ್ಲಿ, ಮಡಕೆ ಕೂತಿದ್ದ ಜಾಗದ ನಟ್ಟನಡುವೆ, ಒಂದು ಪೆನ್ನಿ ನಾಣ್ಯವಿತ್ತು, ಹೋದ ವರ್ಷ ಅಚ್ಚಾದದ್ದು. ಇಲಿ ಎಳೆದು ತಂದಿರಬೇಕು ಎನ್ನಲು ಕ್ಲೆಮ್ ಬಾಯಿ ತೆರೆಯುವಷ್ಟರಲ್ಲಿ ಹಿಲ್ಡಾ ಚಪ್ಪಾಳೆ ತಟ್ಟಿದಳು. "ಅಯ್ಯೋ, ಇದು ನಮ್ಮ ಕ್ಲೆಮ್‌ದೇ! ಖಾಲಿ ಗುಂಡಿ ಕಂಡ್ರೆ ತಳಕ್ಕೊಂದು ಪೆನ್ನಿ ಹಾಕ್ದೆ ಮುಚ್ಚೋನೇ ಅಲ್ಲ ಇವನು. ಭೂಮಿಗೆ ಬಾಡಿಗೆ ಅಂತೆ, ಅವರಪ್ಪ ಕಲಿಸಿದ್ದಂತೆ. ನಮ್ಮ ಹೊಲದಲ್ಲೂ ಗುಂಡಿಗೊಂದು ಹಾಕಿದಾನೆ." ಸಂಘದವರೆಲ್ಲ ಹೌದೆಂದು ತಲೆಯಾಡಿಸಿದರು. ಕ್ಲೆಮ್‌ಗೆ ಹಾಕಿದ ನೆನಪೇ ಇರಲಿಲ್ಲ. ಮುಂದೆ ಖಾಲಿ ಗುಂಡಿ ಇತ್ತು, ಕೈ ತಾನಾಗಿ ಜೇಬಿಗೆ ಹೋಗಿತ್ತು. ರೊವೀನಾ ಪೆನ್ನಿಯನ್ನು ನೋಡಿದಳು, ಮಡಕೆಯನ್ನು ನೋಡಿದಳು, ಕೊನೆಗೆ ಅವನನ್ನು. "ಹಾಗಾದ್ರೆ ಮಿಸ್ಟರ್ ಗೂಡ್ರಮ್, ಈ ಮಡಕೆ ತೆಗೆದ್ರಲ್ಲ, ಆ ಗುಂಡೀಲೂ ಒಂದು ಇರ್ಬೇಕಲ್ವಾ?" ಹಿಲ್ಡಾಳ ನಗು ನಿಂತಿತು. ಅವಳು ಕೇಕಿನ ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡು, ತನ್ನ ಹೊಲದ ಕಡೆ ತಿರುಗಿ ನಡೆದಳು. ಅವಳ ಹಿಂದೆ ಸಂಘದವರೂ ಒಬ್ಬೊಬ್ಬರಾಗಿ ಯಂತ್ರ ಚಾಲೂ ಮಾಡಿಕೊಂಡು ಹೊರಟರು.