ಮುರಿಯದ ಕುರ್ಚಿ

"ಅತ್ತಿಗೆ, ಕೂಡಲೇ ಸ್ಟುಡಿಯೋಗೆ ಬನ್ನಿ. ಪಾಪ, ಬಡಗಿಯ ಕೆಲಸ ಹೋಗೋ ಹಾಗಿದೆ."

ಫೋನಿನಲ್ಲಿ ಹೀಗೆ ಅಂಗಲಾಚಿದವನು ದಂತವೈದ್ಯ. ಅವನ ಅತ್ತಿಗೆ ಇಡೀ ಬೀದಿಗೆ ಪತ್ತೇದಾರರು. ಅವರು ಗುಟ್ಟು ಬಿಡಿಸುವಾಗಲೆಲ್ಲ ಮೈದುನ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ದಿನವಿಡೀ ಬೇರೆಯವರ ಬಾಯಿ ನೋಡುವವನಿಗೆ ಇದು ತಕ್ಕ ಶಾಸ್ತಿ.

ಅವನು ಹೋಗಿದ್ದುದು ತನ್ನ ಹಳೆಯ ರೋಗಿ ದೊಪ್ಪಣ್ಣನವರ ಶೂಟಿಂಗ್ ನೋಡಲು. ಕಪ್ಪುಬಿಳುಪು ಸಿನಿಮಾದ ಕಾಲದಿಂದ ಟಿವಿ ಧಾರಾವಾಹಿಯವರೆಗೆ ಅವರಿಗೆ ಸಿಕ್ಕಿದ್ದು ಮಾಣಿ, ಜವಾನ, ಪೋಸ್ಟ್‌ಮ್ಯಾನ್ ಪಾತ್ರಗಳೇ. ಬರುವುದು, ತೊದಲುತ್ತ ಒಂದು ಮಾತಾಡುವುದು, ಕುರ್ಚಿ ಮುರಿದು ದೊಪ್ಪನೆ ಬೀಳುವುದು. ಜನ ಹೊಟ್ಟೆ ಹುಣ್ಣಾಗುವಂತೆ ನಗುವಷ್ಟರಲ್ಲಿ ಅವರ ಪಾತ್ರ ಮುಗಿದಿರುತ್ತಿತ್ತು. ಹಾಗೆ ಬಿದ್ದೂ ಬಿದ್ದೂ ಹಲ್ಲು ಕಳೆದುಕೊಂಡವರಿಗೆ ಹಲ್ಲುಸೆಟ್ ಕಟ್ಟಿಕೊಟ್ಟವನು ಈ ದಂತವೈದ್ಯನೇ.

ಬಹಳ ದಿನಗಳ ಮೇಲೆ ಸಿಕ್ಕ ಪಾತ್ರ. ಬೆಳಿಗ್ಗೆ ದೊಪ್ಪಣ್ಣ ಕ್ಯಾಮೆರಾ ಮುಂದೆ ಬಂದು, "ಸಾಹೇಬ್ರೇ, ಸ್ವಲ್ಪ ಸುಧಾರಿಸಿಕೊಳ್ಳಲಾ?" ಎಂದು ಸ್ಫುಟವಾಗಿ ಕೇಳಿ ಕುಳಿತರು. ಕುರ್ಚಿ ಜಪ್ಪಯ್ಯ ಅನ್ನಲಿಲ್ಲ. ಬಡಗಿ ಗರಗಸ ಹಾಕಿ ಸಡಿಲ ಮಾಡಿದ್ದ ಕಾಲನ್ನು ಯಾರೋ ಮರದ ಗೋಂದಿನಿಂದ ಅಂಟಿಸಿಬಿಟ್ಟಿದ್ದರು.

"ಇನ್ಯಾರು? ಬಡಗಿಯದೇ ಎಡವಟ್ಟು," ಎಂದು ನಿರ್ದೇಶಕ ಸಿಡಿಮಿಡಿಗೊಂಡ. ಬಡಗಿ ಮಾತ್ರ, ಆ ಪಾತ್ರದ ಮೇಲೆ ಕಣ್ಣಿಟ್ಟಿದ್ದ ಮರಿ ಹಾಸ್ಯನಟನನ್ನು ತೋರಿಸಿದ. ಅವನ ಬೆರಳೆಲ್ಲ ಅಂಟಂಟಾಗಿತ್ತು.

ಅತ್ತಿಗೆ ಬಂದವರೇ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದರು. ಬೆಳಿಗ್ಗೆ ತೆಗೆದ ದೃಶ್ಯವನ್ನು ಹಾಕಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಎಲ್ಲರನ್ನೂ ಸೆಟ್ಟಿನ ಸೋಫಾಗಳಲ್ಲಿ ಕೂರಿಸಿದರು.

"ಬಡಗಿಗೆ ಕಾಲು ಗಟ್ಟಿ ಬೇಕಿದ್ರೆ ಕೊಯ್ತಾನೇ ಇರ್ಲಿಲ್ಲ. ಈ ಹುಡುಗನ ಬೆರಳಲ್ಲಿರೋದು ಮೀಸೆ ಅಂಟಿಸೋ ಗೋಂದು, ಅದು ಮರ ಹಿಡಿಯಲ್ಲ. ಕುರ್ಚಿಗೆ ಹಾಕಿರೋ ಮರದ ಗೋಂದು ಒಣಗೋಕೆ ಒಂದು ರಾತ್ರಿ ಬೇಕು. ಅಂದ್ರೆ ಅಂಟಿಸಿದ್ದು ನಿನ್ನೆ. ನಿನ್ನೆ ಯಾರ್ಯಾರು ಬಂದಿದ್ರು?"

"ಉಡುಪಿನ ಅಳತೆಗೆ ಈ ಹುಡುಗ, ದೊಪ್ಪಣ್ಣ ಇಬ್ರೂ ಬಂದಿದ್ರು," ಎಂದ ನಿರ್ದೇಶಕ.

"ಸರಿ. ಡಾಕ್ಟ್ರೇ, ದೊಪ್ಪಣ್ಣ ಬೀಳೋ ದೃಶ್ಯದಲ್ಲಿ ಯಾಕೆ ತೊದಲ್ತಾರೆ?"

"ಬೀಳೋಕೆ ಮುಂಚೆ ಹಲ್ಲುಸೆಟ್ ತೆಗೆದು ಜೇಬಿಗೆ ಹಾಕ್ಕೋತಾರೆ. ಹಾಗೆ ಮಾಡಿ ಅಂತ ಹೇಳಿದ್ದೇ ನಾನು," ಎಂದ ದಂತವೈದ್ಯ. ಹೇಳುತ್ತಿದ್ದಂತೆಯೇ ಅವನ ಬಾಯಿ ಎಂದಿನಂತೆ ತೆರೆದುಕೊಂಡಿತು.

"ಬೆಳಿಗ್ಗೆ ಯಾಕೆ ತೊದಲಲಿಲ್ಲ? ಬೀಳಲ್ಲ ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು. ಹಲ್ಲು ತೆಗೆಯೋದು ಮರೆತರು."

ದೊಪ್ಪಣ್ಣ ತಲೆ ತಗ್ಗಿಸಿದರು. "ಸೊಂಟದ ಮೂಳೆ ಸವೆದಿದೆಯಮ್ಮ. ಇನ್ನೊಂದು ಸಲ ಬಿದ್ರೆ ಏಳೋಕಾಗಲ್ಲವಂತೆ. ಬೀಳಲ್ಲ ಅಂದ್ರೆ ನನ್ನನ್ನ ಯಾರು ಕರೀತಾರೆ? ಕುರ್ಚಿ ಮುರಿಯದೆ ಕೈಕೊಟ್ರೆ ದೃಶ್ಯಾನೇ ಬಿಟ್ಟು ಇನ್ನೊಂದು ಬರೀತಾರೆ ಅಂದ್ಕೊಂಡೆ." ಬಡಗಿಯ ಕೈ ಹಿಡಿದುಕೊಂಡರು. "ನಿನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀನಿ ಅಂತ ಹೊಳೀಲಿಲ್ಲ ಕಣಪ್ಪ. ತಪ್ಪಾಯ್ತು."

"ನನಗೊಂದು ಮಾತು ಹೇಳಬಾರದಿತ್ತಾ? ಗೋಂದಾದ್ರೂ ನೀಟಾಗಿ ಹಚ್ತಿದ್ದೆ," ಎಂದ ಬಡಗಿ. ಅವನ ಕಣ್ಣೂ ತೇವವಾಗಿತ್ತು.

"ನಿರ್ದೇಶಕರೇ, ಆ ದೃಶ್ಯ ಇನ್ನೊಂದು ಸಲ ಹಾಕಿ," ಎಂದರು ಅತ್ತಿಗೆ.

ಪರದೆಯಲ್ಲಿ ದೊಪ್ಪಣ್ಣ ಕುಳಿತು, ಬೀಳಲು ಕಾದರು. ಬೀಳಲಿಲ್ಲ. ಅನುಮಾನದಿಂದ ಕೆಳಗೆ ಇಣುಕಿದರು, ಕಾಲನ್ನು ತಟ್ಟಿದರು, ದೊಡ್ಡ ಮೋಸವಾದವರಂತೆ ಸಾಹೇಬರ ಮುಖ ನೋಡಿದರು. ಮೊದಲು ನಕ್ಕವನು ಮರಿ ಹಾಸ್ಯನಟ. ಆಮೇಲೆ ದೀಪ ಹಿಡಿದವರೂ ತಡೆಯಲಾರದೆ ನಕ್ಕರು. ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತ, "ಕುರ್ಚಿ ಹೀಗೇ ಇರ್ಲಿ. ದೊಪ್ಪಣ್ಣ ದೃಶ್ಯದ ಕೊನೆವರೆಗೂ ಕೂತಿರ್ಲಿ. ಯಾರಾದ್ರೂ ಅವರಿಗೆ ನಾಲ್ಕು ಮಾತು ಬರೀರಪ್ಪ," ಎಂದ.

ಮರುವಾರ ದೊಪ್ಪಣ್ಣ ದಂತವೈದ್ಯನಲ್ಲಿಗೆ ಬಂದರು. ಚಿಕಿತ್ಸೆಯ ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ, ಆರಾಮವಾಗಿ ಒರಗಿದರು.

"ಹಲ್ಲು ಇನ್ನೂ ಸ್ವಲ್ಪ ಬಿಗಿಯಾಗಿ ಕೂರಿಸಿ ಡಾಕ್ಟ್ರೇ," ಎಂದರು. "ಈಗ ನನಗೆ ಮಾತಿದೆ."