ಮೈನಾ ಕೇಳದ ಕೂಗು

ಮಾಡಿದವರ ಪಾಪ ಕೂಗಿದವರ ಬಾಯಲ್ಲಿ. ಗಾದೆಯಲ್ಲಿರುವುದು ‘ಆಡಿದವರ ಬಾಯಲ್ಲಿ’ ಎಂದು ತಿದ್ದಲು ಬರಬೇಡಿ, ಬೇಕೆಂದೇ ತಿರುಚಿದ್ದು. ಗಾದೆಯನ್ನು ತಿರುಚಿದ್ದೇನೆಯೇ ಹೊರತು ಕಥೆಯನ್ನಲ್ಲ. ಇದು ನಡೆದದ್ದು. ನಡೆಯಲಾರದೆ ಮಲಗಿದವನೊಬ್ಬ ಇದರಲ್ಲಿದ್ದಾನೆ, ಅವನಾಣೆಗೂ ನಿಜ.

ಬಿಸಿಲೇರುವ ಹೊತ್ತಿಗೆ ಕ್ರೇನ್ ಮಗ್ಗುಲಾಗಿ ಬಿದ್ದಿತ್ತು. ಕಟ್ಟುತ್ತಿದ್ದ ಕಟ್ಟಡದ ಮೊದಲ ಅಂತಸ್ತಿನ ಬಾಲ್ಕನಿಯನ್ನು ಅದರ ಉದ್ದನೆಯ ತೋಳು ಬಿಸ್ಕತ್ತಿನಂತೆ ಮುರಿದು ಕೂತಿತ್ತು. ಎತ್ತುತ್ತಿದ್ದ ಕಾಂಕ್ರೀಟ್ ಮೆಟ್ಟಿಲಿನ ತುಂಡು ಸಿಮೆಂಟ್ ಚೀಲಗಳ ರಾಶಿಯ ಮೇಲೆ ಬಿದ್ದು ಒಡೆದಿತ್ತು. ಎಲ್ಲೆಲ್ಲೂ ಬೂದು ಧೂಳು. ಧೂಳಿನ ಮಧ್ಯೆ ಒಂದೇ ಒಂದು ಕೆಂಪು ಕಲೆ. ಅಲ್ಲಿ ಸಿಗ್ನಲ್‌ಮನ್ ಬಿದ್ದಿದ್ದ.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಬಾವುಟಣ್ಣ ಎಂದು. ಕೆಳಗೆ ನಿಂತು ಕೈಸನ್ನೆಯಲ್ಲೇ ಕ್ರೇನನ್ನು ಆಡಿಸುವವನು. ಅವನ ಕೈ ಏರಿದರೆ ಹುಕ್ಕು ಏರಬೇಕು, ಕೈ ಚಾಚಿದರೆ ಎಲ್ಲ ನಿಲ್ಲಬೇಕು. ಈಗ ಅವನೇ ಆಸ್ಪತ್ರೆಯಲ್ಲಿ, ಪ್ರಜ್ಞೆಯಿಲ್ಲದೆ, ಬಲಗಾಲು ಜಜ್ಜಿಹೋಗಿ.

ಸುರಕ್ಷತಾ ಅಧಿಕಾರಿ ಜೀಪಿನಿಂದಿಳಿದಳು. ನಡುವಯಸ್ಸು, ಸವೆದ ಬೂಟು, ಕೈಯಲ್ಲಿ ಒಂದು ಕಬ್ಬಿಣದ ಸರಳು. ಕಡತ ಮರೆತು ಬಂದರೂ ಸರಳು ಮರೆಯುವವಳಲ್ಲ.

ಪೊಲೀಸ್ ಇನ್ಸ್‌ಪೆಕ್ಟರ್ ಆಗಲೇ ನೋಟುಬುಕ್ಕು ಮಡಚಿದ್ದ. “ಕೇಸ್ ಮುಗಿದ ಹಾಗೇ ಮೇಡಂ. ಯಂತ್ರ ಬೇಡ ಅಂತು. ಆಪರೇಟರ್ ಅದರ ಬಾಯಿ ಮುಚ್ಚಿ ಎತ್ತಿದ. ಬನ್ನಿ, ಕೀ ತೋರಿಸ್ತೀನಿ.”

ಕ್ರೇನಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಭಾರ ಮಿತಿ ದಾಟಿದರೆ ಅದು ಹೊರಗಿನವರಿಗೂ ಕೇಳುವಂತೆ ಕೂಗುತ್ತದೆ, ಯಂತ್ರವನ್ನು ತಾನೇ ತಡೆಯುತ್ತದೆ. ಅದರ ಪಕ್ಕದಲ್ಲೊಂದು ಬೈಪಾಸ್ ಕೀ. ತಿರುಗಿಸಿದರೆ, ಈ ಮಾದರಿಯಲ್ಲಿ, ಕೂಗೂ ಇಲ್ಲ, ತಡೆಯೂ ಇಲ್ಲ. ರಿಪೇರಿಯ ಹೊತ್ತಿಗೆಂದು ಇಟ್ಟದ್ದು. ಅವಸರಗಾರರು ಬಳಸುವುದು ಬೇರೆಯದಕ್ಕೆ.

ಕೀ ತಿರುಗಿತ್ತು.

ಅಧಿಕಾರಿ ವಾಲಿದ ಕ್ಯಾಬಿನ್ನಿನೊಳಗೆ ತಲೆ ಹಾಕಿದಳು. ಫಲಕದ ಮೇಲೆ ಹಿಟ್ಟು ಜರಡಿ ಹಿಡಿದಂತೆ ಧೂಳು. ಕೀಯ ಸುತ್ತ ಮಾತ್ರ ಹೆಬ್ಬೆಟ್ಟಿನಗಲ ಚೊಕ್ಕಟ.

ಇದನ್ನು ಯಾರು ಮುಟ್ಟಿದರು ಎಂದು ಕೇಳಿದಳು. ಉತ್ತರ ಹಿಂದಿನಿಂದ ಬಂತು. “ನಾನೇ ಮೇಡಂ. ತಿರುಗಿದೆಯಾ ಅಂತ ಮುಟ್ಟಿ ನೋಡಿದೆ, ಸಾಹೇಬರಿಗೂ ತೋರಿಸಿದೆ.”

ಎತ್ತುವ ಕೆಲಸಕ್ಕೆಲ್ಲ ಉಸ್ತುವಾರಿ ಅವನು. ಎಲ್ಲರದೂ ಹಳದಿ ಹೆಲ್ಮೆಟ್, ಅವನದೊಬ್ಬನದು ಬಿಳಿ. ಹಾಗಾಗಿ ಬಿಳಿಟೋಪಿ ಎಂದೇ ಹೆಸರು. ಟೋಪಿ ಹಾಕಿಕೊಳ್ಳುವುದಕ್ಕೂ ಹಾಕುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಕೆಲಸಗಾರರು ಅವನ ಬೆನ್ನ ಹಿಂದೆ ಬಹಳ ಚರ್ಚೆ ನಡೆಸಿದ್ದರು. ಇವತ್ತು ಅವನ ತಲೆಯ ಮೇಲೆ ಟೋಪಿಯೇ ಇರಲಿಲ್ಲ.

ಕೀ ಇರಬೇಕಾದದ್ದು ತನ್ನ ಸೊಂಟದ ಗೊಂಚಲಲ್ಲೇ ಎಂದು ಅವನು ಒಪ್ಪಿಕೊಂಡ. ಹುಕ್ಕನ್ನು ತೋಳಿಗೆ ಎಳೆದು ಮಡಚಲು ಕೀ ಬೇಕು ಎಂದು ಆಪರೇಟರ್ ಬೆಳಿಗ್ಗೆ ಇಸಿದುಕೊಂಡನಂತೆ. ಮತ್ತೆ ಕೊಡಲೇ ಇಲ್ಲವಂತೆ.

*

ಆಪರೇಟರ್ ಠಾಣೆಯ ಬೆಂಚಿನ ಮೇಲಿದ್ದ. ಹಣೆಗೆ ಬ್ಯಾಂಡೇಜು. ಅವನ ಅಡ್ಡಹೆಸರು ನಿಧಾನಿ. ಭಾರ ಎತ್ತುವ ಮೊದಲು ಕ್ರೇನಿನ ಸುತ್ತ ಒಂದು ಸಲ ನಡೆದು ಬರುತ್ತಿದ್ದ, ಭಾರಕ್ಕೆ ಬಿಗಿದ ಬೆಲ್ಟನ್ನು ತಡವುತ್ತಿದ್ದ, ಆಮೇಲೆ ಭಾರವನ್ನು ಗೇಣಷ್ಟೇ ಎತ್ತಿ ಹಿಡಿದು ಕಾಯುತ್ತಿದ್ದ. ಇವನು ಎತ್ತುವಷ್ಟರಲ್ಲಿ ಕಟ್ಟಡವೇ ಬೆಳೆದು ಮೇಲೆ ಹೋಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಕೀ ಕೇಳಿಲ್ಲ ಎಂದ. ನೆಲ ಗಟ್ಟಿಯೇ ಎಂದು ಬಿಳಿಟೋಪಿಯನ್ನು ಕೇಳಿದ್ದೆ, ರೋಲರ್ ಓಡಿಸಿದ ನೆಲ, ಕ್ರೇನ್ ಹೂಡು ಎಂದಿದ್ದ ಎಂದ. ಕ್ರೇನಿನ ನಾಲ್ಕು ಕಬ್ಬಿಣದ ಕಾಲುಗಳನ್ನೂ ಪೂರ್ತಿ ಚಾಚಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಗೇಣೆತ್ತಿ ನೋಡಿದ್ದ. ಎಲ್ಲ ಸರಿಯಿತ್ತು. ಕಟ್ಟಡದ ಕಡೆ ತಿರುಗಿಸುವಾಗ ಎಡ ಮೂಲೆ ಕುಸಿಯಿತು. ಹಾರ್ನ್ ಕೂಗಿತು. ಅಷ್ಟೇ ನೆನಪು.

“ಹಾರ್ನ್ ಕೂಗಿತಾ? ಗಟ್ಟಿಯಾಗಿ ಹೇಳು.”

“ಕೂಗಿತು ಮೇಡಂ. ನನ್ನ ಕೈಯಲ್ಲಿ ಅದು ಹಾಗೆ ಕೂಗಿದ್ದು ಅದೇ ಮೊದಲು.”

ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಎರಡು ಕೈಯಲ್ಲೂ ಊಟದ ಡಬ್ಬಿ. ನಿಧಾನಿಯ ಹೆಂಡತಿ, ಬಾವುಟಣ್ಣನ ಒಡಹುಟ್ಟಿದ ತಂಗಿ. ಭಾವ, ಭಾವಮೈದ ಒಂದೇ ಕ್ರೇನಿನ ಮೇಲೆ ಕೆಳಗೆ ದುಡಿಯುತ್ತಿದ್ದವರು.

ಅವಳು ಅಳಲಿಲ್ಲ. ಅಧಿಕಾರಿಯ ಮುಖ ನೋಡಿ ಮೆಲ್ಲಗೆ ಕೇಳಿದಳು: “ಅಣ್ಣ ಕಣ್ಣು ಬಿಟ್ಟು, ನನ್ನ ಕಾಲು ಯಾರು ಮುರಿದ್ರು ಅಂತ ಕೇಳಿದ್ರೆ ಏನು ಹೇಳಲಿ ಅಕ್ಕ? ನನ್ನ ಗಂಡ ಅಂತಾನಾ?”

ಅಧಿಕಾರಿಗೆ ಗೊತ್ತಿದ್ದದ್ದು ಒಂದೇ. ಹಾರ್ನ್ ನಿಜವಾಗಿ ಕೂಗಿದ್ದರೆ ಆಗ ಕೀ ತಿರುಗಿರಲಿಲ್ಲ. ಕ್ರೇನ್ ಬಿದ್ದ ಮೇಲೆ ಯಾರೋ ತಿರುಗಿಸಿದ್ದಾರೆ. ನಿಧಾನಿಯ ಬದುಕೆಲ್ಲ ಈಗ ಆ ಒಂದು ಕೂಗಿಗೆ ಜೋತುಬಿದ್ದಿತ್ತು.

*

ಕೂಗು ಕೇಳಿಸಿತೆಂದು ಸೈಟಿನಲ್ಲಿ ಎಲ್ಲರೂ ಒಪ್ಪಿದರು. ತೊಂದರೆಯೂ ಅಲ್ಲೇ ಇತ್ತು.

“ಅದು ಕ್ರೇನ್ ಅಲ್ಲ ಮೇಡಂ, ಮೈನಾ,” ಎಂದ ಬಿಳಿಟೋಪಿ. “ದಿನಾ ಅದೇ ಕೆಲಸ ಅವನಿಗೆ. ನಾನು ಕ್ರೇನ್ ಪಕ್ಕದಲ್ಲೇ ನಿಂತಿದ್ದೆ. ಶುರು ಮಾಡಿದ ನೋಡು ಅಂತ ನಕ್ಕೆ ಕೂಡ.”

ಮೈನಾ ಟೈಲ್ಸ್ ಹಾಸುವವನು. ಕಂಠ ಬಾಡಿಗೆಗೆ ಕೊಡುವಂಥದ್ದು. ಲಾರಿ ಹಿಂದೆ ಬರುವ ಸದ್ದು, ಬಿಳಿಟೋಪಿಯ ಕೆಮ್ಮು, ನಿಧಾನಿಯ ‘ತಡಿ, ತಡಿ’, ಎಲ್ಲವೂ ಅವನ ಗಂಟಲಲ್ಲಿ ಗೂಡು ಕಟ್ಟಿದ್ದವು. ಕ್ರೇನಿನ ಹಾರ್ನು ಅವನ ಮುಖ್ಯ ಕಸುಬು. ಚಹಾದ ಹೊತ್ತಿಗೆ ಬಾವುಟಣ್ಣನ ಹಿಂದೆ ನಿಂತು ಕೂಗುತ್ತಿದ್ದ. ಬಾವುಟಣ್ಣ ಲೋಟ ಚೆಲ್ಲಿ ಹಾರಿಬೀಳುತ್ತಿದ್ದ. ಆಮೇಲೆ ಎಲ್ಲರಿಗಿಂತ ಜೋರಾಗಿ ತಾನೇ ನಗುತ್ತಿದ್ದ.

ಈಗ ಮೈನಾನ ಹತ್ತಿರ ಯಾರೂ ಕೂರುತ್ತಿರಲಿಲ್ಲ. ನಿಜವಾದ ಹಾರ್ನ್ ಆದರೂ ತಪ್ಪು ಅವನದೇ ಎಂದು ಗಾರೆಯವರು ಲೆಕ್ಕ ಮುಗಿಸಿದ್ದರು: ಇವನ ಆಟ ಎಂದುಕೊಂಡೇ ಬಾವುಟಣ್ಣ ಓಡದೆ ನಿಂತ. ತೋಳ ಬಂತು ತೋಳ ಎಂದ ಹುಡುಗನ ಕಥೆಯಲ್ಲಿ ತೋಳ ಹುಡುಗನ ಕುರಿಯನ್ನಾದರೂ ತಿಂದಿತು. ಇಲ್ಲಿ ಬೇರೆಯವನ ಕಾಲು ತಿಂದಿತ್ತು.

ಮೈನಾ ನೆಲ ನೋಡುತ್ತ ಮಾತಾಡಿದ. ಬೆಳಿಗ್ಗೆ ಚಹಾದ ಹೊತ್ತಿಗೆ ಕೂಗಿದ್ದು ನಿಜ. ಕ್ರೇನ್ ಬೀಳುವಾಗ ಅಲ್ಲ. ಆಗ ಅವನು ಬಾಲ್ಕನಿಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದ, ಕಿವಿಗೆ ಮುಚ್ಚಿಗೆ ಹಾಕಿಕೊಂಡು. ಯಾವ ಹಾರ್ನೂ ಕೇಳಿಸಿರಲಿಲ್ಲ.

“ಬಾವುಟಣ್ಣ ನನ್ನ ಕಡೆ ತಿರುಗಿ ಕೈ ಬೀಸಿದ ಮೇಡಂ. ಸಾಕು ನಿಲ್ಸೋ ಅನ್ನೋ ಥರ. ನಾನೇನೂ ಮಾಡಿಲ್ವಲ್ಲ ಅಂದ್ಕೊಂಡು ಒಳಗೆ ಹೋದೆ. ಹಿಂದೇನೇ ಬಾಲ್ಕನಿ ಹೋಯ್ತು. ನಾನು ಅಂದ್ಕೊಂಡೇ ಅವನು ನಿಂತಿದ್ದು. ಇನ್ನು ಈ ಬಾಯಿ ತೆಗೆಯಲ್ಲ.”

ಇನ್ನೊಂದೇ ಸಲ ತೆಗೆ ಎಂದಳು ಅಧಿಕಾರಿ. ಹಾರ್ನ್ ಮಾಡಿ ತೋರಿಸು.

ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದ. ಪೀಪ್, ಪೀಪ್, ಪೀಪ್. ಕಣ್ಣು ಮುಚ್ಚಿದರೆ ಕ್ರೇನೇ.

“ಇನ್ನೊಂದು ಥರದ್ದು?”

“ಯಾವ ಇನ್ನೊಂದು?”

ಇದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಿಧಾನಿ ಗುಂಡಿ ಒತ್ತಿ ಹಾರ್ನ್ ಪರೀಕ್ಷೆ ಮಾಡುತ್ತಿದ್ದನಲ್ಲ, ಅದನ್ನು ಕೇಳಿ. ಅದು ಬಿಟ್ಟರೆ ಆ ಕ್ರೇನ್ ಕೂಗಿದ್ದನ್ನೇ ಅವನು ಕೇಳಿರಲಿಲ್ಲ.

ಅಧಿಕಾರಿ ಸರಳು ತೆಗೆದುಕೊಂಡು ಕ್ರೇನಿನ ಕುಸಿದ ಕಾಲಿನ ಬಳಿ ಹೋದಳು. ನೆಲಕ್ಕೆ ಚುಚ್ಚಿದಳು. ಬೆಣ್ಣೆಗೆ ಚಾಕು ಹಾಕಿದಂತೆ ಇಳಿಯಿತು. ಪಕ್ಕಕ್ಕೆ ಸರಿದು ಚುಚ್ಚಿದಳು. ಟಣ್ ಎಂದು ಅಂಗೈ ಜುಮ್ಮೆಂದಿತು. ಮತ್ತೆ ಸರಿದಳು. ಮೆತ್ತಗಿನ ಪಟ್ಟಿ ಕಟ್ಟಡದಿಂದ ರಸ್ತೆಯವರೆಗೆ ನೇರವಾಗಿ ಓಡಿತ್ತು.

ಗೇಟಿನಲ್ಲಿ ಲಾರಿಗಳ ಚಕ್ರದಡಿ ದಪ್ಪ ಉಕ್ಕಿನ ಹಲಗೆಗಳು ಬಿದ್ದಿದ್ದವು. ಅವುಗಳ ಪಕ್ಕದಲ್ಲೇ ಚಹಾದಂಗಡಿ. ಅಂಗಡಿಯ ಸ್ಟವ್ ಪಕ್ಕ ಒಂದು ಬಿಳಿ ಹೆಲ್ಮೆಟ್.

ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಇಲ್ಲಿಗೆ ಯಾವಾಗ ಬಂತು ಎಂದು ಮಾತ್ರ ಕೇಳಿದಳು. ಚಹಾದ ಅಕ್ಕ ಲೋಟ ತೊಳೆಯುತ್ತಲೇ ಎಲ್ಲ ಹೇಳಿದಳು.

*

ಮರುದಿನ ಬೆಳಿಗ್ಗೆ ಬಿದ್ದ ಕ್ರೇನನ್ನು ಎತ್ತಲು ಇನ್ನೊಂದು ಕ್ರೇನ್ ಬಂತು. ಅದೇ ಮಾದರಿ. ಅದು ಗಟ್ಟಿ ನೆಲದಲ್ಲಿ, ಉಕ್ಕಿನ ಹಲಗೆಗಳ ಮೇಲೆ ಕಾಲೂರಿತು. ಹಲಗೆಗಳನ್ನು ಅಧಿಕಾರಿಯೇ ಗೇಟಿನಿಂದ ಎಳೆಸಿದ್ದಳು. ಜನರನ್ನೆಲ್ಲ ಹಗ್ಗದಾಚೆ ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ನಿಧಾನಿಯನ್ನು ಕರೆತಂದಿದ್ದ. ಅವನ ಹೆಂಡತಿ ಗೇಟಿನ ಬಳಿ ನಿಂತಳು.

ಮೈನಾ ಕೂಗಿದ. ಪೀಪ್, ಪೀಪ್, ಪೀಪ್.

“ನೀವು ಕೇಳಿ ನಕ್ಕಿದ್ದು ಇದೇನಾ?” ಎಂದಳು ಅಧಿಕಾರಿ.

“ಇದೇ, ಇದೇ,” ಎಂದ ಬಿಳಿಟೋಪಿ. ಬೇರೆ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಹೊಸ ಕ್ರೇನಿನ ಮೆಕ್ಯಾನಿಕ್‌ಗೆ ತಲೆಯಾಡಿಸಿದಳು. ಅವನು ಕಂಪ್ಯೂಟರಿಗೆ ಸುಳ್ಳು ಭಾರ ತೋರಿಸಿ ಮಿತಿ ದಾಟಿಸಿದ.

ಪೀ—————

ನಡುವೆ ಬಿಡುವಿಲ್ಲ. ಉಸಿರಿಲ್ಲ. ಒಂದೇ ಎಳೆ. ಗಾರೆಯವರು ತಾವರಿಯದೆ ಹಿಂದೆ ಸರಿದರು. ಚಹಾದ ಅಕ್ಕನ ಕೈಯಿಂದ ಲೋಟ ಜಾರಿತು. “ಇದು,” ಎಂದಳು. “ನಿನ್ನೆ ಬಂದದ್ದು ಇದು. ಅದಲ್ಲ.” ಮೈನಾ ಬಾಯಿ ತೆರೆದು ನಿಂತಿದ್ದ. ಆ ಸದ್ದನ್ನು ಅವನು ಕೇಳುತ್ತಿದ್ದುದು ಅದೇ ಮೊದಲು.

ಸದ್ದು ನಿಂತ ಮೇಲೆ ಅಧಿಕಾರಿ ಮಾತಾಡಿದಳು. ಪರೀಕ್ಷೆಯ ಗುಂಡಿ ಒತ್ತಿದರೆ ತುಂಡು ತುಂಡು ಕೂಗು. ಮಿತಿ ನಿಜವಾಗಿ ದಾಟಿದರೆ ಒಂದೇ ಉದ್ದ. ನಿಧಾನಿ ಒಮ್ಮೆಯೂ ಮಿತಿ ದಾಟಿಸಿದವನಲ್ಲ. ಹಾಗಾಗಿ ಮೈನಾ ಆ ಉದ್ದ ಕೂಗನ್ನು ಕೇಳಿದವನಲ್ಲ. ಕೇಳದ್ದನ್ನು ಯಾವ ಮೈನಾ ತಾನೇ ಅಣಕಿಸೀತು? ನಿನ್ನೆ ಕೂಗಿದ್ದು ಕ್ರೇನ್. ಅಂದರೆ ಆಗ ಕೀ ತಿರುಗಿರಲಿಲ್ಲ.

“ಮೈನಾ ಸುಳ್ಳು ಹೇಳ್ತಿರಬಹುದಲ್ಲ?” ಎಂದ ಬಿಳಿಟೋಪಿ.

“ಹೇಳಬಹುದು. ಅವನನ್ನು ಬಿಡಿ. ನಿಮ್ಮ ಟೋಪಿ ಎಲ್ಲಿ?”

ಅವನ ಕೈ ತಲೆಗೆ ಹೋಯಿತು.

ಅವಳು ಹೆಲ್ಮೆಟ್ಟನ್ನು ಮುಂದೆ ಹಿಡಿದಳು. ಸಿಕ್ಕಿದ್ದು ಗೇಟಿನ ಬಳಿ, ಸ್ಟವ್ ಪಕ್ಕದಲ್ಲಿ. ಕೂಗು ಶುರುವಾದ ಕೂಡಲೇ ಬಿಳಿಟೋಪಿ ಓಡಿಬಂದ, ಟೋಪಿ ಬಿತ್ತು, ಎತ್ತಿಕೊಡಲು ಚಹಾದ ಅಕ್ಕ ಬಗ್ಗಿದಾಗ ಅವನು ಗೇಟು ದಾಟಿದ್ದ, ಆಮೇಲೆ ಕ್ರೇನ್ ಬಿತ್ತು. ಚಹಾದ ಅಕ್ಕ ಹೇಳಿದ್ದು ಇದನ್ನೇ.

“ಮೈನಾನ ತಮಾಷೆ ಅಂತ ನಕ್ಕವರು ಯಾಕೆ ಓಡಿದ್ರಿ?”

ಅವಳು ಸರಳಿನ ತುದಿಯಿಂದ ಕುಸಿದ ಮೂಲೆಯನ್ನು ತೋರಿಸಿದಳು.

“ಕ್ರೇನಿನ ಎಡಗಾಲಿನ ಕೆಳಗೆ ಏನಿದೆ ಅಂತ ಗೊತ್ತಿದ್ದವರು ನೀವೊಬ್ಬರೇ. ಕೊಳವೆ ಹಾಕೋಕೆ ತೋಡಿ, ಮಣ್ಣು ಎಳೆದು ಮುಚ್ಚಿದ ಗುಂಡಿ. ಅದರ ಮೇಲೆ ಹಾಸಬೇಕಾದ ಹಲಗೆ ಗೇಟಲ್ಲಿತ್ತು. ಗೇಣೆತ್ತಿ ನೋಡಿದಾಗ ಭಾರ ಹಿಂದಿನ ಕಾಲುಗಳ ಮೇಲಿತ್ತು, ಅದಕ್ಕೇ ಏನೂ ಆಗಲಿಲ್ಲ. ತಿರುಗಿಸಿದಾಗ ಆ ಮೂಲೆಗೆ ಬಂತು. ಕಾಲು ಇಳೀತು. ಕ್ರೇನ್ ವಾಲಿ ಭಾರ ದೂರ ಹೋಯ್ತು, ದೂರ ಹೋದಷ್ಟೂ ಎತ್ತೋ ಮಿತಿ ಕಮ್ಮಿ. ಹಾರ್ನ್ ಕೂಗ್ತು. ಧೂಳು ಇಳಿದ ಮೇಲೆ ವಾಪಸ್ ಬಂದು ನಿಮ್ಮ ಗೊಂಚಲಿನ ಕೀ ಹಾಕಿ ತಿರುಗಿಸಿದ್ರಿ. ಧೂಳಿನ ಮೇಲೆ ಬೆರಳು ಬಿತ್ತು.”

ಬಿಳಿಟೋಪಿ ತನ್ನ ಹೆಲ್ಮೆಟ್ಟನ್ನು ಇಸಿದುಕೊಳ್ಳಲಿಲ್ಲ. “ಹಲಗೆ ಎಳೆಸಿದ್ರೆ ಲಾರಿ ನಿಲ್ತಿದ್ವು,” ಎಂದ ಸಣ್ಣಗೆ. “ಒಂದು ಮೆಟ್ಟಿಲು ತಾನೆ, ತಡೆಯುತ್ತೆ ಅಂದ್ಕೊಂಡೆ.”

“ಓಡುವಾಗ ಒಂದು ಮಾತು ಕೂಗಬಹುದಿತ್ತು,” ಎಂದ ನಿಧಾನಿ. ಆ ಎರಡು ದಿನಗಳಲ್ಲಿ ಅವನು ತಾನಾಗಿ ಆಡಿದ ಮಾತು ಅದೊಂದೇ. ಕೂಗಬೇಕಾದವನು ಕೂಗಿರಲಿಲ್ಲ.

ಇನ್ಸ್‌ಪೆಕ್ಟರ್ ನೋಟುಬುಕ್ಕಿನ ಒಂದು ಹಾಳೆ ಹರಿದು, ಹೊಸ ಹಾಳೆ ತೆರೆದ.

*

ಬಾವುಟಣ್ಣ ಕಣ್ಣು ಬಿಟ್ಟಿದ್ದಾನೆ ಎಂಬ ಸುದ್ದಿ ಬಂದ ಮೇಲೂ ಮೈನಾ ಆಸ್ಪತ್ರೆಗೆ ಹೋಗಲಿಲ್ಲ. ಕೀಯ ಲೆಕ್ಕ ಮುಗಿದಿತ್ತು. ಅವನ ಲೆಕ್ಕ ಮುಗಿದಿರಲಿಲ್ಲ. ಆ ಕೈಬೀಸು ಅವನ ಕಣ್ಣಿಂದ ಹೋಗಿರಲಿಲ್ಲ. ಅಧಿಕಾರಿ ಜೀಪಿಗೆ ಹತ್ತಿಸಿ ಕರೆದೊಯ್ದಳು.

ಮಂಚದ ಮೇಲೆ ಹೊದಿಕೆ ಒಂದು ಕಡೆ ಮೊಣಕಾಲಿನವರೆಗೆ ಉಬ್ಬಿ, ಆಮೇಲೆ ಚಪ್ಪಟೆಯಾಗಿತ್ತು. ಬಾವುಟಣ್ಣನ ಕಣ್ಣು ಮುಚ್ಚಿತ್ತು. ತಂಗಿ ತಲೆದೆಸೆಯಲ್ಲಿ, ನಿಧಾನಿ ಕಿಟಕಿಯ ಬಳಿ.

ಮೈನಾ ಮಂಚದ ಪಕ್ಕ ಮಂಡಿಯೂರಿದ. ಎಲ್ಲರ ದನಿಯನ್ನೂ ಆಡಿದವನಿಗೆ ತನ್ನ ದನಿ ಹುಡುಕಬೇಕಾಯಿತು. “ಬಾವುಟಣ್ಣ,” ಎಂದು ಬಗ್ಗಿದ. “ನನ್ನ ಆಟದಿಂದ ನೀನು...”

ಪೀ—————

ಮೈನಾ ಹಾರಿಬಿದ್ದ. ಬಿದ್ದದ್ದು ಔಷಧಿ ತಟ್ಟೆಯ ಮೇಲೆ. ತಟ್ಟೆ ಉರುಳಿ ಗೋಡೆಗೆ ಬಡಿಯಿತು. ಬಾಗಿಲಲ್ಲಿ ನರ್ಸ್ ಕಾಣಿಸಿಕೊಂಡು ಎಲ್ಲರನ್ನೂ ದುರುಗುಟ್ಟಿ ನೋಡಿದಳು. ಬಾವುಟಣ್ಣ ಒಂದು ಕಣ್ಣು ತೆರೆದ.

“ಎಷ್ಟು ದಿನ ನನ್ನ ಚಹಾ ಚೆಲ್ಲಿಸಿದ್ದೀಯ. ಇವತ್ತು ಬಡ್ಡಿ.”

ಯಾರೂ ನಗಲಿಲ್ಲ. ಎದೆ ನೋವಿಗೆ ಅವನು ಸ್ವಲ್ಪ ಹೊತ್ತು ಹಲ್ಲು ಕಚ್ಚಿದ. ಆಮೇಲೆ ಮೆಲ್ಲಗೆ ಅಂದ: “ನಿನ್ನ ಕೂಗಿಗೆ ಮಧ್ಯೆ ಉಸಿರು ಬೇಕು ಕಣೋ. ಅದಕ್ಕೆ ಬೇಕಿರಲಿಲ್ಲ. ನೀನಲ್ಲ ಅಂತ ಆವಾಗ್ಲೇ ಗೊತ್ತಾಯ್ತು.”

“ಮತ್ತೆ ಓಡದೆ ನಿಂತದ್ದು? ಕೈ ಬೀಸಿದ್ದು?”

“ಒಳಗೆ ಹೋಗು ಅಂತ. ಕ್ರೇನಿನ ತೋಳು ನಿನ್ನ ತಲೆ ಮೇಲೇ ಬರ್ತಿತ್ತು. ನೀನೋ ಕಿವಿ ಮುಚ್ಕೊಂಡು ಟೈಲ್ಸ್ ಕೊಯ್ತಾ ಕೂತಿದ್ದೆ.” ಅವನು ಹೊದಿಕೆಯ ಮೇಲೆ ಕೈ ಚಾಚಿ, ಅಂಗೈ ಕೆಳಗೆ ಮಾಡಿ ಬೀಸಿದ, ಸಿಗ್ನಲ್‌ಮನ್ನಿನ ಕೈ. “ಸಿಗ್ನಲ್ ಕೊಟ್ಟು ಮುಗಿಯೋ ತನಕ ಸಿಗ್ನಲ್‌ಮನ್ ಜಾಗ ಬಿಡಬಾರದು. ನಿನಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು, ಅಷ್ಟೇ.”

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿಧಾನಿ ಕಿಟಕಿಯ ಕಡೆ ತಿರುಗಿದ. ಮೈನಾ ನೆಲದ ಮೇಲೆಯೇ ಕೂತಿದ್ದ, ಅಂಗಿಗೆ ಔಷಧಿ ಮೆತ್ತಿಕೊಂಡು.

“ಹೆಂಗಿತ್ತು ನನ್ನ ಹಾರ್ನು?” ಎಂದ ಬಾವುಟಣ್ಣ.

“ಕೊನೇಲಿ ಸ್ವಲ್ಪ ಕೀರಲು,” ಎಂದ ಮೈನಾ. ಮೊದಲು ನಿಧಾನಿ ನಕ್ಕ, ನಿಧಾನವಾಗಿ. ಆಮೇಲೆ ತಂಗಿ. ಪಕ್ಕೆ ಹಿಡಿದುಕೊಂಡು ಬಾವುಟಣ್ಣ. ನರ್ಸ್ ತುಟಿಯ ಮೇಲೆ ಬೆರಳಿಟ್ಟರೂ ಪ್ರಯೋಜನವಾಗಲಿಲ್ಲ. ಎಲ್ಲರ ನಗುವಿನ ಮೇಲೆ, ಕಣ್ಣೀರು ಸುರಿಸುತ್ತ, ಮೈನಾ ನಕ್ಕ. ಆ ನಗು ಯಾರ ಅಣಕವೂ ಆಗಿರಲಿಲ್ಲ. ಅವನದೇ ದನಿ, ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸುವಷ್ಟು ಜೋರು.